ರೀಲು ಹಿಂದಕ್ಕೆ ತಿರುಗಿದ ರಾತ್ರಿ

ನಮ್ಮ ಮುಧೋಳ ಸೀಮೆಯಲ್ಲಿ ಕಬ್ಬಿನ ಗಾಣ ಹೂಡಿದರೆಂದರೆ ಚಳಿಗಾಲದ ರಾತ್ರಿಗಳು ಕಥೆಗೇ ಮೀಸಲು. ಒಲೆಗೆ ರವದಿ ತುಂಬುತ್ತ, ಬೆಲ್ಲದ ಘಮಲಿನಲ್ಲಿ ಹಿರಿಯರು ಹಳೆಯದನ್ನೆಲ್ಲ ಬಿಚ್ಚುತ್ತಿದ್ದರು. ಬನಹಟ್ಟಿಯಿಂದ ಬಂದಿದ್ದ ನಮ್ಮ ಸೋದರಮಾವ ಹಾಗೊಂದು ರಾತ್ರಿ ಹೇಳಿದ ಕಥೆಯಿದು. ಆತ ಹರೆಯದಲ್ಲಿ ಮಗ್ಗ ಬಿಟ್ಟು ಮುಂಬೈಯ ಬಟ್ಟೆ ಗಿರಣಿ ಸೇರಿದ್ದ.

ಅದು 1943. ಹಿಂದಿನ ವರ್ಷವಷ್ಟೇ ‘ಭಾರತ ಬಿಟ್ಟು ತೊಲಗಿ’ ಚಳವಳಿ ಎದ್ದು, ಗಾಂಧೀಜಿ, ನೆಹರೂ ಎಲ್ಲ ಸೆರೆಯಲ್ಲಿದ್ದರು. ಆಗ ಬಂತು ಬಾಂಬೆ ಟಾಕೀಸಿನ ‘ಕಿಸ್ಮತ್’. ಅದರಲ್ಲಿ ಪರಕೀಯರಿಗೆ ದೂರ ಸರಿಯಿರೆಂದು ಸವಾಲು ಹಾಕುವ ಹಾಡಿತ್ತು. ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಹಾಡಿನಲ್ಲಿ ಜರ್ಮನ್, ಜಪಾನಿಯರ ಹೆಸರಿದ್ದುದರಿಂದ ತಮ್ಮ ವೈರಿಗಳ ಮೇಲಿನದೆಂದು ಬ್ರಿಟಿಷ್ ಸೆನ್ಸಾರಿನವರು ಬಿಟ್ಟುಕೊಟ್ಟಿದ್ದರು. ನೋಡಲು ಕೂತವರಿಗೆ ಅದು ಯಾರ ಮೇಲಿನ ಹಾಡೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಹಾಡು ಮುಗೀತು, ಮಂದಿ ಕುಂದ್ರವಲ್ರು,” ಎಂದ ಮಾವ. “‘ಮತ್ತ ಹಚ್ರಿ’ ಅಂತ ಒಂದ ಸವನ ಒದರಾಟ. ಕಡೀಕ ರೀಲು ಹಿಂದಕ್ಕ ತಿರುವಿ ಮತ್ತೊಮ್ಮೆ ತೋರಿಸಿದ್ರು. ಬಾಜೂಕ ಕುಂತ ಗೆಳ್ಯಾ ಅಂದ, ಆ ಹೆಣ್ಣದನಿ ಅಮೀರ್‌ಬಾಯಿ ಕರ್ನಾಟಕಿದು, ನಿಮ್ಮ ಕಡಿಯಾಕಿನ ಅಂತ. ನನಗ ತಡೀಲಿಲ್ಲ. ‘ನಮ್ಮ ಬೀಳಗಿಯಾಕಿ!’ ಅಂತ ನಾನೂ ಒದರಿಬಿಟ್ಟೆ.”

“ಇಲ್ಲೇ ನಮ್ಮ ಬೀಳಗೀನ ಏನ್ ಮಾಮಾ?” ನಾವು ಹುಡುಗರು ಕಣ್ಣರಳಿಸಿದೆವು.

“ಮತ್ತ ಬ್ಯಾರೆ ಯಾವ ಬೀಳಗಿ ಐತೋ?”

ದೊಡ್ಡವನಾದ ಮೇಲೆ ಆಕೆಯ ಬದುಕನ್ನು ಹುಡುಕಿ ಓದಿದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ಹೆಸರಾದವರು. ಅಮೀರ್‌ಬಾಯಿ ಮುಂಬೈಗೆ ಹೋಗಿ 1930ರ ದಶಕದಲ್ಲಿ ಚಿತ್ರರಂಗಕ್ಕೆ ಕಾಲಿಟ್ಟರು. ನಟಿಸಬೇಕು, ತನ್ನ ಹಾಡನ್ನು ತಾನೇ ಹಾಡಬೇಕು, ಅಂಥ ಕಾಲವದು. ‘ಕಿಸ್ಮತ್’ನಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ದನಿಯಾದದ್ದು ಆಕೆಯೇ. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ‘ಕಿಸ್ಮತ್’ ಬಂದ ಮರುವರ್ಷ ನೌಷಾದರ ಸಂಗೀತದ ‘ರತನ್’ನಲ್ಲೂ ಹಾಡಿದರು, 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಣ್ಣುಮಗಳೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಅಂದು ತೀರ ಅಪರೂಪ. ಲತಾ ಮಂಗೇಶ್ಕರ್ ಅವರ ಕಾಲ ಬಂದಂತೆ ಹಾಡುವ ಅವಕಾಶ ಕಡಿಮೆಯಾಗಿ, ಪೋಷಕ ಪಾತ್ರಗಳಲ್ಲಿ ದುಡಿದರು. ವಿಜಯಪುರದ ‘ಅಮೀರ್ ಟಾಕೀಸ್’ ಅವರದೇ ಹೆಸರಿನದು. 1965ರ ಮಾರ್ಚಿನಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ವಿಜಯಪುರದಲ್ಲೇ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಬೀಳಗಿಯ ಈ ಹೆಣ್ಣುಮಗಳು ಅದನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಬರೆಸಿ ದೇಶದ ಮನೆಮನೆಗೆ ಮುಟ್ಟಿಸಿದ್ದಳು. ಊರು ಬಿಟ್ಟು ದುಡಿಯಲು ಹೋದ ನೇಕಾರನೊಬ್ಬ ಆ ಮಹಾನಗರದಲ್ಲಿ ಎದೆಯೆತ್ತಿ ತನ್ನ ಊರ ಕಡೆಯ ಹೆಸರು ಹೇಳಿದ್ದು ಅವಳ ದನಿಯ ಬಲದಿಂದ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯ ಶಾಲೆಗಳಲ್ಲಿ ಮಕ್ಕಳಿಗೆ ಆ ಹಾಡುಗಳನ್ನು ಕೇಳಿಸಬೇಕು, ಹಾಡಿದವಳು ನಿಮ್ಮ ಸೀಮೆಯವಳೆಂದು ಹೇಳಬೇಕು. ಇದು ನಮ್ಮ ಮೇಲಿರುವ ಋಣ.