ಬೋನಾಳ ಕೆರೆಯ ಅಂಚೆಗಳು

ನಮ್ಮ ಸೀಮೆಯ ಬೇಸಗೆಯ ಖ್ಯಾತಿಯು ದೂರದವರೆಗೆ ಹಬ್ಬಿರುವುದು. ಮಾಗಿಯನ್ನು ಬಲ್ಲವರು ಕಡಮೆ. ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ಪರಸ್ಥಳದ ಬಂಧುಗಳು ಕೊಡೆಯನ್ನೂ ನೀರಿನ ತಂಬಿಗೆಯನ್ನೂ ನೆನೆಯುವರು. ಅವರು ಒಮ್ಮೆ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬರಬೇಕು. ಆಗ ಕರಿಯ ಹೊಲಗಳಲ್ಲಿ ಬಿಳಿಜೋಳವು ತೆನೆಯೊಡೆದು ನಿಂತಿರುತ್ತದೆ. ತೊಗರಿಯ ಕಾಯಿ ಒಣಗಿ, ಗಾಳಿ ಬೀಸಿದಾಗ ಗಿಲಕಿಯಂತೆ ಸದ್ದು ಮಾಡುತ್ತದೆ. ಮನೆಮನೆಯವರೂ ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬೆಳಗಿನ ಜಾವದಲ್ಲಿ ಕಂಬಳಿಯಿಲ್ಲದೆ ಹೊರಬೀಳುವಂತಿಲ್ಲ.

ನಾನು ಪಾಠಶಾಲೆಯಿಂದ ನಿವೃತ್ತನಾದಂದಿನಿಂದ ಬೆಳಗಿನ ಐದೂವರೆಗೆ ಎದ್ದು ಸುರಪುರದ ಗುಡ್ಡವನ್ನು ಹತ್ತುತ್ತೇನೆ. ಇದರಿಂದ ನನ್ನನ್ನು ಪ್ರಕೃತಿಪ್ರೇಮಿಯೆಂದು ವಾಚಕರು ಭಾವಿಸಬಾರದು. ಸಕ್ಕರೆಯ ಕಾಯಿಲೆಗೆ ವೈದ್ಯರು ವಿಧಿಸಿದ ನಡಿಗೆಯಿದು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳು ರಾತ್ರಿಯ ಚಳಿಯನ್ನೆಲ್ಲ ಹೀರಿಕೊಂಡು, ಕೈ ಸೋಕಿದರೆ ಜುಮ್ಮೆನ್ನಿಸುತ್ತವೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯಿದೆ. ಅದರ ಹತ್ತಿರ ನಿಂತು ಕೆಳಗೆ ನೋಡಿದರೆ ಊರಿನ ಹೊಗೆಯೂ ಅದರಾಚೆಯ ಬಯಲೂ ಒಂದರೊಳಗೊಂದು ಬೆರೆತಿರುತ್ತವೆ. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಜೋಳದ ಸೀಮೆಯಲ್ಲಿ ಭತ್ತದ ಹಸುರೂ ಕಾಣುವಂತಾಗಿದೆ. ನಾನು ಬಾಲಕನಾಗಿದ್ದಾಗ ಅದು ಇರಲಿಲ್ಲ.

ಇದೇ ಸುರಪುರದಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ ಬೋನಾಳವೆಂಬ ಗ್ರಾಮವಿದೆ. ಅಲ್ಲಿಯ ಕೆರೆಯನ್ನು ಹದಿನೇಳನೆಯ ಶತಮಾನದಲ್ಲಿ ಸುರಪುರದ ಅರಸನಾದ ಪಾಮನಾಯಕನು ಕಟ್ಟಿಸಿದನೆಂದು ಹೇಳುವರು. ಈಗ ಅದು ಪಕ್ಷಿಧಾಮ. ಅಲ್ಲಿಗೆ ಹೋಗಿ ಬರಲು ಅರ್ಧ ದಿವಸ ಸಾಕು. ಆದರೂ ಮೂವತ್ತು ವರ್ಷಗಳ ಅಧ್ಯಾಪನಕಾಲದಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ. ಆ ಮೂವತ್ತು ವರ್ಷಗಳಲ್ಲಿ ಮೇಘದೂತವನ್ನು ಎಷ್ಟು ಆವೃತ್ತಿ ಓದಿದೆನೋ ಲೆಕ್ಕವಿಲ್ಲ. ಹಂಸಗಳು ಕ್ರೌಂಚಪರ್ವತದ ರಂಧ್ರವನ್ನು ಹಾಯ್ದು ಮಾನಸಸರೋವರಕ್ಕೆ ತೆರಳುವ ಬಗೆಯನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆನು. ಅವು ಮಾನಸವನ್ನು ಬಿಟ್ಟು ಎಲ್ಲಿಗೆ ಬರುತ್ತವೆಂಬುದನ್ನು ಮಾತ್ರ ಯೋಚಿಸಿದವನಲ್ಲ.

ಈಗ ಒಂದು ಅಪರಾಧವನ್ನು ಹೇಳಿಕೊಳ್ಳಬೇಕಾಗಿದೆ. 1994ನೆಯ ಇಸವಿಯ ಮಾಗಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮೂರ ಕೆರೆ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದೆನು. ಬೋನಾಳದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನು, ತಮ್ಮ ಕೆರೆಗೆ ದೀಪಾವಳಿಯ ತರುವಾಯ ಹಂಸಗಳು ಬರುವುವೆಂದೂ, ಅವುಗಳ ತಲೆಯ ಮೇಲೆ ಎರಡು ಕರಿಯ ಗೆರೆಗಳಿರುವುವೆಂದೂ, ಹಗಲೆಲ್ಲ ನೀರಿನಲ್ಲಿದ್ದು ಹೊತ್ತು ಮುಳುಗಿದ ಮೇಲೆ ಕಡಲೆಯ ಹೊಲಕ್ಕೆ ಇಳಿಯುವುವೆಂದೂ ಬರೆದಿದ್ದನು. ಹಂಸಕ್ಕೆ ಅಮರಕೋಶದಲ್ಲಿ ‘ಮಾನಸೌಕಸ್’ ಎಂಬ ಹೆಸರುಂಟು. ಮಾನಸಸರೋವರವೇ ಮನೆಯಾಗಿ ಉಳ್ಳದ್ದು ಎಂದು ಅರ್ಥ. ಅಂತಹ ದಿವ್ಯಪಕ್ಷಿಯು ಬೋನಾಳದ ಕಡಲೆಯನ್ನು ಮೇಯುವುದೆ? ನಾನು ಕೆಂಪು ಶಾಯಿಯಿಂದ ಆ ವಾಕ್ಯಗಳನ್ನು ಅಡ್ಡಹಾಯಿಸಿ, ‘ಅಸತ್ಯವನ್ನು ಬರೆಯಬಾರದು’ ಎಂದು ಪಕ್ಕದಲ್ಲಿ ಬರೆದು, ಹತ್ತಕ್ಕೆ ಮೂರು ಅಂಕ ಕೊಟ್ಟೆನು. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ಗಟ್ಟಿಯಾಗಿ ಓದಿಯೂ ತೋರಿಸಿದೆನು. ಮಕ್ಕಳು ನಕ್ಕರು. ಅಂದಿನಿಂದ ಅವನಿಗೆ ‘ಹಂಸ’ ಎಂದೇ ಅಡ್ಡಹೆಸರಾಯಿತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಬೇಸಾಯಕ್ಕೆ ಕೈ ಸಾಲದೆ ಬಿಡಿಸಿದರೆಂದು ಕೇಳಿದೆನು. ಅದೇ ಕಾರಣವೆಂದು ನಂಬಿದೆನು, ನಂಬಲು ಅನುಕೂಲವಾಗಿಯೂ ಇದ್ದಿತು.

ಕಳೆದ ವರ್ಷದ ಮಾಗಿಯಲ್ಲಿ ದೂರದೇಶದ ಪ್ರಯಾಣವೊಂದು ನನಗೆ ಒದಗಿತು. ನನ್ನ ಮಗಳೂ ಅಳಿಯನೂ ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ನಿನಲ್ಲಿ ಉದ್ಯೋಗದಲ್ಲಿರುವರು. ಸುರಪುರದಿಂದ ಬಸ್ಸು ಹತ್ತಿ, ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಗಳ ಸಾಲಿಗೆ ಕೈಮುಗಿದು, ಭೀಮೆಯ ಸೇತುವೆಯನ್ನು ದಾಟಿ, ಯಾದಗಿರಿಯಲ್ಲಿ ರೈಲು ಹಿಡಿದು ಹೈದರಾಬಾದಿಗೆ ಹೋದೆನು. ಅಲ್ಲಿಂದ ಮುಂದಿನ ವಿಮಾನಯಾನದಲ್ಲಿ ವರ್ಣಿಸತಕ್ಕದ್ದೇನೂ ಇಲ್ಲ. ಕಾಲು ಚಾಚಲು ಸ್ಥಳವಿರಲಿಲ್ಲ, ಅಷ್ಟೆ.

ಡಬ್ಲಿನ್ನಿನ ಮಾಗಿಯು ನಮ್ಮದರಂತಲ್ಲ. ಡಿಸೆಂಬರಿನಲ್ಲಿ ಬೆಳಗಿನ ಎಂಟೂವರೆ ಕಳೆದ ಮೇಲೆ ಸೂರ್ಯನು ಮೂಡುವನು; ಸಾಯಂಕಾಲ ನಾಲ್ಕು ಗಂಟೆಯಾಯಿತೆಂದರೆ ಅವನ ಕೆಲಸ ಮುಗಿಯಿತು. ನಡುವಿನ ಬೆಳಕೂ ತೊಳೆದ ಅಕ್ಕಿಯ ನೀರಿನ ಬಣ್ಣದ್ದು. ಸಂಧ್ಯಾವಂದನೆಯ ಕಾಲವನ್ನು ನಿಶ್ಚಯಿಸುವುದೇ ನನಗೆ ಕಷ್ಟವಾಯಿತು. ಆದರೂ ವೈದ್ಯರ ಆಜ್ಞೆಯು ಸಮುದ್ರದಾಚೆಗೂ ಸಲ್ಲುತ್ತದಾದುದರಿಂದ, ಎಂಟು ವರ್ಷದ ಮೊಮ್ಮಗಳ ಕೈಹಿಡಿದು ದಿನವೂ ನಡೆಯುತ್ತಿದ್ದೆನು.

ಒಂದು ದಿನ ಮಕ್ಕಳ ಶಾಲೆಯ ಆಟದ ಬಯಲಿನಲ್ಲಿ, ತಲೆಯೂ ಕೊರಳೂ ಕಪ್ಪಾಗಿರುವ, ಕೊರಳ ಪಕ್ಕದಲ್ಲಿ ಸಣ್ಣ ಬಿಳಿಯ ಗುರುತುಳ್ಳ ನೂರಾರು ಹಕ್ಕಿಗಳು ಕುರಿಮಂದೆಯಂತೆ ಹುಲ್ಲು ಮೇಯುತ್ತಿದ್ದುವು. “ಮುತ್ಯಾ, ಅವು ಕೆನಡಾದಿಂದ ಬಂದಾವ” ಎಂದಳು ಮೊಮ್ಮಗಳು. ನನಗೆ ನಗು ಬಂದಿತು. ಅವಳು ಸಿಟ್ಟಾಗಿ, ಮುಂದಿನ ಭಾನುವಾರ ನನ್ನನ್ನು ಬುಲ್ ದ್ವೀಪಕ್ಕೆ ಎಳೆದುಕೊಂಡು ಹೋದಳು.

ಈ ದ್ವೀಪದ ವೃತ್ತಾಂತವೇ ಒಂದು ಸೋಜಿಗ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಂದರಿಗೆ ಹೂಳು ತುಂಬದಂತೆ ಸಮುದ್ರದೊಳಕ್ಕೆ ಕಲ್ಲಿನ ಗೋಡೆಯೊಂದನ್ನು ಕಟ್ಟಿದರು. ಆ ಗೋಡೆಯ ಮಗ್ಗುಲಿಗೆ ಅಲೆಗಳು ಮರಳನ್ನು ತಂದು ತಂದು ಒಟ್ಟಿ, ಐದು ಕಿಲೋಮೀಟರು ಉದ್ದದ ದ್ವೀಪವೇ ಉಂಟಾಯಿತು. 1931ರಿಂದ ಅದು ಪಕ್ಷಿಗಳಿಗೆ ಮೀಸಲು. ಕೆನಡಾದ ಉತ್ತರಕ್ಕೆ, ಧ್ರುವದ ಹತ್ತಿರದ ಹಿಮದ ದ್ವೀಪಗಳಲ್ಲಿ ಮರಿಮಾಡುವ ಬ್ರೆಂಟ್ ಎಂಬ ಹೆಬ್ಬಾತುಗಳು ಗ್ರೀನ್‌ಲೆಂಡನ್ನೂ ಐಸ್‌ಲೆಂಡನ್ನೂ ಹಾಯ್ದು, ಶರತ್ಕಾಲದಲ್ಲಿ ಇಲ್ಲಿಗೆ ಬರುತ್ತವೆ. ಮೊದಲು ಸಮುದ್ರದಂಚಿನ ಕೆಸರಿನಲ್ಲಿ ಬೆಳೆವ ಹುಲ್ಲನ್ನು ತಿಂದು ಮುಗಿಸಿ, ಆಮೇಲೆ ಊರೊಳಗಿನ ಆಟದ ಬಯಲುಗಳಿಗೆ ನುಗ್ಗುತ್ತವೆ. ಮೊಮ್ಮಗಳು ಹೇಳಿದ್ದು ಅಕ್ಷರಶಃ ನಿಜ. ಅವಳಿಗೆ ಕೆಂಪು ಶಾಯಿ ಹಾಕುವವರು ಅಲ್ಲಿ ಯಾರೂ ಇರಲಿಲ್ಲ.

ದುರ್ಬೀನು ಹಿಡಿದು ನಿಂತಿದ್ದ ವೃದ್ಧನೊಬ್ಬನು ನನ್ನ ಶಾಲನ್ನು ನೋಡಿ, ಎಲ್ಲಿಯವನೆಂದು ವಿಚಾರಿಸಿದನು. ದಕ್ಷಿಣಭಾರತವೆಂದೊಡನೆ ಅವನ ಮುಖವರಳಿತು. “ನೀವು ಪುಣ್ಯವಂತರು. ಹಿಮಾಲಯವನ್ನು ದಾಟುವ ಹೆಬ್ಬಾತುಗಳು ನಿಮ್ಮ ಕೆರೆಗಳಿಗೆ ಬರುತ್ತವೆ” ಎಂದು, ತನ್ನ ಚೀಲದಿಂದ ಪುಸ್ತಕವೊಂದನ್ನು ತೆಗೆದು ಚಿತ್ರವನ್ನು ತೋರಿಸಿದನು. ಬೂದುಬಣ್ಣದ ಮೈ, ಬಿಳಿಯ ತಲೆ, ಆ ತಲೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಎರಡು ಕರಿಯ ಗೆರೆಗಳು.

ಚಳಿಗೆ ಮರಗಟ್ಟಿದ್ದ ನನ್ನ ಕಿವಿಗಳು ಬಿಸಿಯಾದುವು. ಮೂವತ್ತು ವರ್ಷಗಳ ಹಿಂದಿನ ಆ ಪ್ರಬಂಧದ ಹಾಳೆಯೇ ಕಣ್ಣಮುಂದೆ ಬಂದಿತು.

ಚಿತ್ರದ ಕೆಳಗೆ ಶಾಸ್ತ್ರೀಯ ನಾಮವೂ ಇದ್ದಿತು: ಆನ್ಸರ್ ಇಂಡಿಕಸ್. ಲ್ಯಾಟಿನ್ ಭಾಷೆಯ ‘ಆನ್ಸರ್’ ಎಂಬುದೂ ಸಂಸ್ಕೃತದ ‘ಹಂಸ’ವೂ ಒಂದೇ ಮೂಲದಿಂದ ಹುಟ್ಟಿದ ಶಬ್ದಗಳೆಂಬುದನ್ನು ಭಾಷಾಶಾಸ್ತ್ರ ಬಲ್ಲವರೆಲ್ಲ ಒಪ್ಪುವರು. ಜರ್ಮನರ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಇವೂ ಅದೇ ಕುಲದವು. ಎಂದರೆ ಆ ಹಕ್ಕಿಯ ಹೆಸರೇ ‘ಭಾರತದ ಹಂಸ’ ಎಂದಾಯಿತು! ನಮ್ಮ ಹಳಗನ್ನಡಿಗರು ಹಂಸವನ್ನು ‘ಅಂಚೆ’ ಎಂದು ಕರೆದರು. ಟಪಾಲಿಗೂ ಕನ್ನಡದಲ್ಲಿ ಅಂಚೆಯೆಂದೇ ಹೆಸರು. ಎರಡಕ್ಕೂ ಸಂಬಂಧವಿದೆಯೆಂದು ನಾನು ವಾದಿಸುವುದಿಲ್ಲ, ಆದರೆ ದಮಯಂತಿಗೆ ನಳನ ಸುದ್ದಿಯನ್ನು ತಂದದ್ದು ಹಂಸವೇ ಅಲ್ಲವೆ?

ಆ ರಾತ್ರಿ ನಿದ್ರೆ ಬಾರದೆ ಇನ್ನೊಂದು ವಿಷಯವೂ ನೆನಪಾಯಿತು. ಸುರಪುರದ ಗುಡ್ಡದ ಬಂಗಲೆಗೆ ಹೆಸರು ಕೊಟ್ಟ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಭಾರತಕ್ಕೆ ಬಂದು, ನಿಜಾಮನ ಸೇವೆಗೆ ಸೇರಿ, ರಾಜಾ ವೆಂಕಟಪ್ಪನಾಯಕನ ಬಾಲ್ಯಕಾಲದಲ್ಲಿ, 1841ರಿಂದ 1853ರವರೆಗೆ, ನಮ್ಮ ಸಂಸ್ಥಾನದ ಆಡಳಿತವನ್ನು ನಡೆಯಿಸಿದನು. ಬಾಲಕ ಅರಸನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಅದೇ ಅರಸನು 1858ರಲ್ಲಿ ಆಂಗ್ಲರ ಮೇಲೆದ್ದು, ಸೆರೆಸಿಕ್ಕಿ, ಗುಂಡಿನಿಂದ ಮರಣಹೊಂದಿದ ಕಥೆಯನ್ನು ನಮ್ಮ ಸೀಮೆಯಲ್ಲಿ ಇಂದಿಗೂ ಗದ್ಗದಕಂಠದಿಂದ ಹೇಳುವವರುಂಟು. ಬೋನಾಳದ ಕೆರೆಯನ್ನು ಹಿಗ್ಗಿಸಿದವನು ಈ ಟೇಲರನೇ. ಮುಂದೆ 1860ರಲ್ಲಿ ಭಾರತವನ್ನು ಬಿಟ್ಟ ಮೇಲೆ ಅವನು ನೆಲೆಸಿದ್ದು ಡಬ್ಲಿನ್ನಿನಲ್ಲಿ, ಹೆರಾಲ್ಡ್ಸ್ ಕ್ರಾಸ್ ಎಂಬ ಭಾಗದಲ್ಲಿ. ನಮ್ಮ ಕಡೆಯ ಪ್ರಾಚೀನ ಶಿಲಾಸಮಾಧಿಗಳನ್ನು ಕುರಿತ ಅವನ ಪ್ರಬಂಧವನ್ನು ಪ್ರಕಟಿಸಿದ್ದೂ ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಯೇ. ಪರದೇಶದವನು ನಮ್ಮ ಹೊಲಗಳ ಕಲ್ಲುಗಳನ್ನು ಬಾಗಿ ನೋಡಿ ಅಳೆದು ಬರೆದನು. ಅವನ ಬಂಗಲೆಯ ಕೆಳಗೆ ಹುಟ್ಟಿ ಬೆಳೆದ ನಾನು ಕೆರೆಯ ಹಕ್ಕಿಯನ್ನು ನೋಡಿರಲಿಲ್ಲ.

ಊರಿಗೆ ಮರಳಿ ಅಮರಕೋಶವನ್ನು ಬಿಚ್ಚಿದೆನು. ಮಾನಸೌಕಸ್ ಎಂಬುದರ ಹತ್ತಿರದಲ್ಲಿಯೇ ಕಾದಂಬ, ಕಲಹಂಸ ಎಂಬ ಹೆಸರುಗಳೂ ಇದ್ದುವು. ಬೂದುರೆಕ್ಕೆಯ ಹಂಸವೆಂದು ಅವುಗಳ ಅರ್ಥ. ನಾನು ಅದನ್ನು ಬಾಯಿಪಾಠ ಮಾಡಿದ್ದೆನು, ಓದಿರಲಿಲ್ಲ.

ಈ ವರ್ಷ ಎಳ್ಳಮಾವಾಸ್ಯೆ ಕಳೆದ ಮೂರನೆಯ ದಿನ ಮಧ್ಯಾಹ್ನ ಬೋನಾಳಕ್ಕೆ ಹೊರಟೆನು. ಅರ್ಧ ದಾರಿ ವಾಹನದಲ್ಲಿ, ಉಳಿದರ್ಧ ಕಾಲ್ನಡಿಗೆಯಲ್ಲಿ. ಕೆರೆಯ ಏರಿಯನ್ನು ಹತ್ತಿದೊಡನೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಜೊಂಡಿನ ಅಂಚಿನಲ್ಲಿ ಕೆನ್ನೀಲಿ ಬಕವೊಂದು ತಪಸ್ವಿಯಂತೆ ನಿಂತಿದ್ದಿತು. ಅದರಾಚೆ, ತಿಳಿನೀರಿನ ಮೇಲೆ, ಅವು ಇದ್ದುವು. ಇನ್ನೂರೋ ಮುನ್ನೂರೋ ಇರಬಹುದು. ಮೊದಲಿಗೆ ನೀರಿನ ಮೇಲಿನ ಬೂದಿಯ ರಾಶಿಯಂತೆ ತೋರಿ, ಒಂದು ಕತ್ತೆತ್ತಿದ ಮೇಲೆ ಎಲ್ಲವೂ ಹಕ್ಕಿಗಳಾದುವು. ಎರಡೆರಡು ಕರಿಯ ಗೆರೆಗಳು. ಟಿಬೆಟ್ಟು, ಮಂಗೋಲಿಯ, ಲಡಾಖಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಜಾತಿಯಿದು. ಯಂತ್ರ ಕಟ್ಟಿ ಅಳೆದವರು ಇವು ಏಳು ಸಾವಿರ ಮೀಟರಿಗೂ ಮೇಲೆ ಹಾರಿದುದನ್ನು ಕಂಡಿರುವರು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿರುವುವು. ಕವಿಯು ಕ್ರೌಂಚರಂಧ್ರವನ್ನು ಸುಮ್ಮನೆ ಹೇಳಲಿಲ್ಲ.

“ಶರಣ್ರೀ ಸರ.”

ತಿರುಗಿ ನೋಡಿದೆನು. ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಖಾಲಿ ಎಣ್ಣೆಯ ಡಬ್ಬಿ ಹಿಡಿದ, ನಲವತ್ತು ದಾಟಿದ ರೈತನು ನಿಂತಿದ್ದನು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅಷ್ಟರಲ್ಲಿ ಏರಿಯ ಕೆಳಗಿನಿಂದ ಯಾರೋ “ಹಂಸಣ್ಣಾ” ಎಂದು ಅವನನ್ನೇ ಕೂಗಿದರು. ಮೂವತ್ತು ವರ್ಷಗಳ ಹಿಂದೆ ನಾನಿಟ್ಟ ಹೆಸರು!

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ನೀನು ಬರೆದದ್ದು ಸರಿಯಿತ್ತಪ್ಪ. ಇವು ಹಂಸಗಳೇ. ತಪ್ಪು ನನ್ನದು” ಎಂದಷ್ಟೆ ಹೇಳಿದೆನು.

ಅವನು ಹಕ್ಕಿಗಳ ಕಡೆಗೆ ನೋಡುತ್ತ ಸುಮ್ಮನಿದ್ದನು. ಆಮೇಲೆ, “ತಾವು ಹಂಸ ಅಲ್ಲ ಅಂದಿದ್ದೇ ಚಲೋ ಆಗಿತ್ತು ನೋಡ್ರೀ. ಹೋದ ವರ್ಷ ನನ್ನ ಅರ್ಧ ಎಕರೆ ಕಡಲಿ ಮೇಯ್ದಾವ. ಹಂಸ ಅಂದ್ರ ದೇವರ ವಾಹನ, ಬೆನ್ನತ್ತಿ ಓಡ್ಸಾಕ ಮನಸ್ಸು ಬರಂಗಿಲ್ಲ” ಎಂದನು.

“ಆ ಪ್ರಬಂಧ ನಿನಗೆ ನೆನಪಿದೆಯೆ?”

“ಪ್ರಬಂಧ ನೆಪ್ಪಿಲ್ರೀ. ಹತ್ತಕ್ಕ ಮೂರು ಕೊಟ್ಟಿದ್ರಿ, ಅದೊಂದು ನೆಪ್ಪದ. ಈಗ ಎಷ್ಟು ಕೊಡ್ತೀರಿ, ಸರ?”

ನಾನು ಉತ್ತರ ಹೇಳುವ ಮೊದಲೇ ಕೆರೆಯಲ್ಲಿ ಗದ್ದಲವೆದ್ದಿತು. ಹೊತ್ತು ಮುಳುಗಿತ್ತು. ಹಕ್ಕಿಗಳು ಮೊದಲು ಹತ್ತು, ಆಮೇಲೆ ನೂರು, ಕಡೆಗೆ ಎಲ್ಲವೂ ನೀರನ್ನು ಬಡಿದು ಮೇಲೆದ್ದು, ಆಂಗ್ಲರ ‘ವಿ’ ಅಕ್ಷರದಂತೆ ಸಾಲುಗಟ್ಟಿ, ಕರಕರ ಕೂಗುತ್ತ ನಮ್ಮ ತಲೆಯ ಮೇಲೆಯೇ ಹಾದು ಹೋದುವು. ರೆಕ್ಕೆಯ ಸಪ್ಪಳವು ಎಷ್ಟು ಸ್ಪಷ್ಟವಾಗಿತ್ತೆಂದರೆ ನಾನು ಅರಿಯದೆ ತಲೆ ಬಗ್ಗಿಸಿದೆನು.

“ನನ್ನ ಹೊಲದ ಕಡೀಗೇ ಹೊಂಟಾವ್ರೀ” ಎಂದು ಅವನು ಏರಿಯಿಂದ ಇಳಿಯತೊಡಗಿದನು. ನಾನೂ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಹಿಂಬಾಲಿಸಿದೆನು. ಬದುವಿನ ಹತ್ತಿರ ಅವನು ನಿಂತು, ಬ್ಯಾಟರಿಯನ್ನು ತಾನಿಟ್ಟುಕೊಂಡು, ಎಣ್ಣೆಯ ಡಬ್ಬಿಯನ್ನೂ ಒಂದು ಕೋಲನ್ನೂ ನನ್ನ ಕೈಗೆ ಕೊಟ್ಟನು. ಕತ್ತಲಲ್ಲಿ, ಕಡಲೆಯ ಗಿಡಗಳ ನಡುವೆ, ಮಾನಸೌಕಸರು ಮೆಲುದನಿಯಲ್ಲಿ ಮಾತಾಡಿಕೊಳ್ಳುತ್ತ ಮೇಯುತ್ತಿದ್ದುದು ಕೇಳಿಸಿತು.

“ಬಾರಿಸ್ರೀ ಸರ” ಎಂದನು.

ನಾನು ಬಾರಿಸಿದೆನು.