ಒಬ್ಬಳೇ ಬರುವ ಸೊಸೆಗೆ ನಮ್ಮೂರ ದಾರಿ

“ಅತ್ತೆ, ನಾನು ಒಬ್ಬಳೇ ಬರುತ್ತೇನೆ. ಬೆಂಗಳೂರಿಗೆ ಯಾರೂ ಬರೋದು ಬೇಡ. ದಾರಿ ಹೇಗೆ ಅಂತ ಬರೆದು ಕಳಿಸಿ, ಸಾಕು.”

ಜರ್ಮನಿಯಿಂದ ಸೊಸೆಯ ಈ ಸಂದೇಶ ಬಂದ ದಿನ ನಮ್ಮ ಮನೆಯಲ್ಲಿ ಸಣ್ಣ ಗಲಾಟೆಯೇ ಆಯಿತು. ಮಗನಿಗೆ ರಜೆ ಸಿಕ್ಕಿದ್ದು ಡಿಸೆಂಬರ್ ಕೊನೆಯ ವಾರಕ್ಕೆ. ಅವಳಿಗೆ ಒಂದು ವಾರ ಮೊದಲೇ ಬಿಡುವು. ಹುಟ್ಟಿ ಬೆಳೆದದ್ದೆಲ್ಲ ಜರ್ಮನಿಯಲ್ಲೇ, ನಮ್ಮ ದೇಶ ನೋಡುವುದು ಇದೇ ಮೊದಲು. “ಏನೇ ಇದು, ಭಾಷೆ ಬರ್ದೆ ಇರೋ ಹುಡುಗಿ ಒಬ್ಳೇ ಬರ್ತೀನಿ ಅಂತಾಳಲ್ಲ! ಕಾರು ಮಾಡ್ಕೊಂಡು ನಾವೇ ಹೋಗಿ ಕರ್ಕೊಂಡು ಬರೋಣ,” ಎಂದರು ನಮ್ಮವರು. ಆದರೆ ಮಗ ಫೋನಿನಲ್ಲಿ ನಕ್ಕುಬಿಟ್ಟ. “ಅಮ್ಮಾ, ಅವಳು ಎಲ್ಲಿಗೆ ಹೋದರೂ ಹೀಗೇ. ನೀನು ಸುಮ್ನೆ ಬರೆದು ಕಳಿಸು.”

ಸರಿ, ಬರೆದೆ. ಜೋಗ, ಆಗುಂಬೆ, ಕೆಳದಿ, ಇಕ್ಕೇರಿ, ಕೂಡಲಿ, ಸಕ್ರೆಬೈಲು ಎಂದು ಹನ್ನೊಂದು ಊರುಗಳ ಹೆಸರನ್ನು ಹೆಮ್ಮೆಯಿಂದ ಬರೆದು ಕಳಿಸಿದೆ. ಮರುದಿನವೇ ಐದು ಪ್ರಶ್ನೆ ಬಂತು. ನಾನು ಇಳಿಯಬೇಕಾದ ಸ್ಟೇಷನ್ನಿನ ಹೆಸರೇನು? ಬಸ್ಸಿನ ಬೋರ್ಡು ಓದಲು ಬಾರದಿದ್ದರೆ ಏನು ಮಾಡಲಿ? ಹೆಂಗಸೊಬ್ಬಳೇ ಕೂತು ಕಾಫಿ ಕುಡಿಯಲು ಎಲ್ಲಿ ಚೆನ್ನ? ಶೌಚಾಲಯ ಎಲ್ಲಿ? ಕತ್ತಲಾಗುವುದು ಎಷ್ಟು ಹೊತ್ತಿಗೆ?

ಗೆಳತಿಯರೇ, ನಿಜ ಹೇಳುತ್ತೇನೆ, ಕೊನೆಯದೊಂದು ಬಿಟ್ಟರೆ ಉಳಿದವಕ್ಕೆ ನನ್ನಲ್ಲಿ ಸರಿಯಾದ ಉತ್ತರವೇ ಇರಲಿಲ್ಲ. ಶಿವಮೊಗ್ಗಕ್ಕೆ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಹೋಟೆಲಿಗೆ ಹೋದರೆ ಮನೆಯವರ ಜೊತೆ, ಪೇಟೆಗೆ ಹೋದರೆ ಸ್ಕೂಟರಿನ ಹಿಂದೆ. ಒಬ್ಬಳೇ ಕೂತು ಒಂದು ಲೋಟ ಕಾಫಿ ಕುಡಿದವಳಲ್ಲ ನಾನು. ಮಾರನೆಯ ಬೆಳಿಗ್ಗೆ ಅಡಿಗೆ ಮುಗಿಸಿ, ಸಾಮಾನಿನ ಲೆಕ್ಕ ಬರೆಯುವ ಪುಸ್ತಕ ಚೀಲಕ್ಕೆ ಹಾಕಿಕೊಂಡು ಮನೆ ಬಿಟ್ಟೆ. ನನ್ನದೇ ಊರನ್ನು ಪರಊರಿನವಳ ಹಾಗೆ ನೋಡಿಕೊಂಡು ಬಂದೆ. ನಿಮ್ಮ ಮನೆಗೂ ಹೊರದೇಶದಿಂದ ಸೊಸೆಯೋ ಅಳಿಯನೋ ಮಗಳ ಗೆಳತಿಯೋ ಬರಬಹುದು. ಅದಕ್ಕೇ ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಮೊದಲು ವೀಸಾ. ಜರ್ಮನಿಯಂತಹ ಅನೇಕ ದೇಶಗಳವರು ಪ್ರವಾಸಕ್ಕೆ ಬರುವಾಗ ಮನೆಯಲ್ಲೇ ಕೂತು ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಆದರೆ ಭಾರತ ಸರ್ಕಾರದ ಜಾಲತಾಣದಲ್ಲೇ ಹಾಕಬೇಕು. ಅದೇ ಥರ ಕಾಣುವ ಬೇರೆ ತಾಣಗಳು ಬೇಕಾದಷ್ಟಿವೆ, ಹೆಚ್ಚಿಗೆ ದುಡ್ಡು ಕೀಳುತ್ತವೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು, ಎರಡು ಖಾಲಿ ಪುಟ ಇರಬೇಕು. ಕೊನೇ ಗಳಿಗೆಗೆ ಇಟ್ಟುಕೊಳ್ಳದೆ ಕೆಲವು ವಾರ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಮನೆಯವರಾದ ನಮಗೂ ಒಂದು ಕೆಲಸವಿದೆ. ಇದು ನನಗೆ ಗೊತ್ತೇ ಇರಲಿಲ್ಲ. ಹೊರದೇಶದ ಪ್ರಜೆ ನಮ್ಮ ಮನೆಯಲ್ಲಿ ಉಳಿದರೆ, ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಆ ಮಾಹಿತಿ ತುಂಬಬೇಕು. ಹೋಟೆಲಿಗೆ ಮಾತ್ರವಲ್ಲ, ಮನೆಗೂ ಈ ನಿಯಮವಿದೆ. ಮುಂಚಿನಿಂದ ಇದನ್ನು ‘ಫಾರಂ ಸಿ’ ಎನ್ನುತ್ತಿದ್ದರು. ತಿಳಿಯದಿದ್ದರೆ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಿ. ನೆಂಟರು ಬರುವ ಮೊದಲೇ ವಿಚಾರಿಸಿದರೆ ಬಂದ ದಿನ ಓಡಾಡುವುದು ತಪ್ಪುತ್ತದೆ.

ಇನ್ನೊಂದು, ಊರಿನ ಹೆಸರು. ನಮ್ಮೂರು ಇಂಗ್ಲಿಷಿನಲ್ಲಿ ಶಿಮೊಗ ಹೋಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಹಳೆಯ ಪುಸ್ತಕದಲ್ಲಿ, ಕೆಲವು ಬೋರ್ಡುಗಳಲ್ಲಿ ಈಗಲೂ ಹಳೆಯ ಹೆಸರೇ ಇದೆ. ನಮಗೆ ಇದು ಏನೂ ಅಲ್ಲ, ಹೊಸಬರು ಎರಡು ಊರು ಎಂದುಕೊಳ್ಳುತ್ತಾರೆ. ಮರೆಯದೆ ತಿಳಿಸಿ.

ಬೆಂಗಳೂರಿನಿಂದ ಇಲ್ಲಿಗೆ

ಅವಳ ವಿಮಾನ ಬೆಂಗಳೂರಿಗೆ ಬರುವುದು ನಡುರಾತ್ರಿಯ ಮೇಲೆ. ಆ ಹೊತ್ತಿನಲ್ಲಿ ಬಸ್ಸು, ರೈಲು ಎಂದು ಅಲೆಯಬೇಡ, ರಾತ್ರಿ ಅಲ್ಲೇ ಹತ್ತಿರ ತಂಗಿ ನಿದ್ದೆ ಮಾಡು ಎಂದು ಬರೆದೆ. ಚಳಿಗಾಲದಲ್ಲಿ ಅವರ ಗಡಿಯಾರಕ್ಕಿಂತ ನಮ್ಮದು ನಾಲ್ಕೂವರೆ ಗಂಟೆ ಮುಂದು, ದೇಹ ಒಗ್ಗಬೇಕಲ್ಲ. ವಿಮಾನ ನಿಲ್ದಾಣದಲ್ಲೇ ಸ್ವಲ್ಪ ಹಣ ಬದಲಾಯಿಸಿಕೊಂಡು ಹತ್ತು, ಇಪ್ಪತ್ತು, ಐವತ್ತರ ನೋಟು ಕೇಳಿ ಪಡೆಯಬೇಕು. ಐನೂರರ ನೋಟು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರ್ ಮುಖ ನೋಡಬೇಕು!

ಶಿವಮೊಗ್ಗ ಸುಮಾರು 280 ಕಿಲೋಮೀಟರು. ಸೋಗಾನೆಯಲ್ಲಿ ನಮ್ಮ ಕುವೆಂಪು ಹೆಸರಿನ ವಿಮಾನ ನಿಲ್ದಾಣವೂ ಆಗಿದೆ, 2023ರ ಆಗಸ್ಟ್ 31ರಿಂದ ವಿಮಾನ ಬರತೊಡಗಿತು. ಆದರೂ ನಾನು ಹೇಳಿದ್ದು ರೈಲು. ಹಗಲು ರೈಲಿನಲ್ಲಿ ಬಂದರೆ ಅರಸೀಕೆರೆಯ ತೆಂಗು ಹೋಗಿ, ತರೀಕೆರೆಯ ಅಡಿಕೆ ಬಂದು, ಮಲೆನಾಡು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸಂಜೆಗೆ ಜನಶತಾಬ್ದಿ, ರಾತ್ರಿಗೆ ಮಲಗಿ ಬರುವ ರೈಲು ಬೇರೆ ಇವೆ. ರೈಲಿನ ವೇಳೆ ಬದಲಾಗುತ್ತಿರುತ್ತದೆ, ಆದ್ದರಿಂದ ಟಿಕೆಟ್ಟನ್ನು ಇಲ್ಲಿಂದ ನಾವೇ ಮುಂಗಡ ಮಾಡಿಸಿದೆವು. “ತರೀಕೆರೆ ದಾಟಿದ ಮೇಲೆ ಭದ್ರಾವತಿ, ಆಮೇಲೆ ನಾವು. ಇಳಿಯುವುದು ಶಿವಮೊಗ್ಗ ಟೌನ್ ಸ್ಟೇಷನ್ನಿನಲ್ಲಿ,” ಎಂದು ದಪ್ಪಕ್ಷರದಲ್ಲಿ ಬರೆದೆ.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚೀಟಿ. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ನಮ್ಮ ಮನೆಯ ವಿಳಾಸ, ಹತ್ತಿರದ ಗುರುತು, ಇಬ್ಬರ ಫೋನ್ ನಂಬರು. ಕೆಳಗೆ, “ಈಕೆ ನಮ್ಮ ಸೊಸೆ, ದಾರಿ ತಪ್ಪಿದ್ದರೆ ದಯವಿಟ್ಟು ಫೋನ್ ಮಾಡಿ” ಎಂಬ ಒಂದು ಸಾಲು. ಜೊತೆಗೆ ತುರ್ತಿಗೆ 112. ಇದರ ಫೋಟೋ ಕಳಿಸಿ, ಮುದ್ರಿಸಿ ಚೀಲದಲ್ಲಿಟ್ಟುಕೋ ಎಂದೆ.

ಮೊದಲ ದಿನ ಶಿವಮೊಗ್ಗ

ಬಂದ ರಾತ್ರಿ ಅನ್ನ, ದೊಡ್ಡಪತ್ರೆ ತಂಬುಳಿ, ಹಪ್ಪಳ. ಇಷ್ಟೇ. ಹೊಸ ದೇಶಕ್ಕೆ ಬಂದವರಿಗೆ ಪ್ರೀತಿಯಿಂದ ಮೊದಲ ದಿನವೇ ಹೋಳಿಗೆ, ಬೋಂಡ, ಮಿಡಿ ಉಪ್ಪಿನಕಾಯಿ ಬಡಿಸಿ ಹೊಟ್ಟೆ ಕೆಡಿಸಬೇಡಿ. ಖಾರವನ್ನು ಎರಡು ದಿನ ಬಿಟ್ಟು ಒಂದೊಂದೇ ಹೆಚ್ಚಿಸಿ. ಕುದಿಸಿ ಆರಿಸಿದ ನೀರನ್ನು ಬಾಟಲಿಗೆ ತುಂಬಿ ಕೊಡಿ.

ಮರುದಿನ ಅವಳು ಹೊರಟದ್ದು ನನ್ನ ಪುಸ್ತಕದ ಪ್ರಕಾರ. ಬೆಳಿಗ್ಗೆ ಎದ್ದಕೂಡಲೇ ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರು, ತುಂಗೆಯ ಹಿನ್ನೀರಿನ ಪಕ್ಕ. ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಹೊತ್ತೇರಿದ ಮೇಲೆ ಅವು ಕಾಡಿಗೆ ಹೋಗಿಬಿಡುತ್ತವೆ. ಅಲ್ಲಿಂದ ಬಂದು ಕೋಟೆ ಕಡೆ ಶಿವಪ್ಪ ನಾಯಕನ ಅರಮನೆ. 1645ರಿಂದ 1660ರವರೆಗೆ ಕೆಳದಿ ರಾಜ್ಯವಾಳಿದ ಈ ದೊರೆ ಭೂಮಿಯ ಕಂದಾಯಕ್ಕೆ ತಂದ ‘ಸಿಸ್ತು’ ಹೆಸರಾದದ್ದು. ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ. ಹೋಗುವ ಮೊದಲು ವಾರದ ರಜೆ ಯಾವತ್ತು ಎಂದು ಕೇಳಿಕೊಳ್ಳಿ. ಅಲ್ಲಿಂದ ಗಾಂಧಿ ಬಜಾರು. ಹೂವು, ಅರಿಸಿನ ಕುಂಕುಮ, ಪಾತ್ರೆ, ಬಟ್ಟೆ. ಬಿ.ಎಚ್. ರಸ್ತೆಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚು. ದಾರಿ ತಪ್ಪಿದರೆ “ಬಸ್ ಸ್ಟ್ಯಾಂಡ್” ಎಂದರೆ ಎಂಥವರೂ ತೋರಿಸುತ್ತಾರೆ.

ಶೌಚಾಲಯದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು: ನಿಂತು ತಿನ್ನುವ ದರ್ಶಿನಿಗಿಂತ, ಫ್ಯಾಮಿಲಿ ರೂಮ್ ಇರುವ ಹೋಟೆಲಿಗೆ ಹೋಗುವುದು. ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರಬಹುದು, ಕಾಫಿಯೂ ಆಗುತ್ತದೆ, ಅದೂ ಆಗುತ್ತದೆ. ಅಂಥ ಮೂರು ಹೋಟೆಲನ್ನು ನಾನು ಒಬ್ಬಳೇ ಹೋಗಿ ಕೂತು ನೋಡಿ ಬರೆದಿದ್ದೆ. ಮೊದಲನೆಯದರಲ್ಲಿ ಕೈ ನಡುಗಿತು, ಮೂರನೆಯದರಲ್ಲಿ ಮಸಾಲೆ ದೋಸೆಗೂ ಹೇಳಿದೆ!

ಕತ್ತಲಾಗುವುದು ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ. ಅಷ್ಟರಲ್ಲಿ ಮನೆಯ ಕಡೆ ಬಸ್ಸು ಹತ್ತಿರಬೇಕು ಎಂದಿದ್ದೆ. ಮತ್ತೊಂದು ಎಚ್ಚರಿಕೆ, ಕಾಡಿನೊಳಗೆ ಒಬ್ಬಳೇ ಕಾಲುದಾರಿ ಹಿಡಿಯಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರಿನಿಂದ ಮೇ ತನಕ ಉಣ್ಣೆ ಕಚ್ಚಿ ಬರುವ ಕಾಲ. ಹೆದರಿಸಲು ಹೇಳಿದ್ದಲ್ಲ, ಗೊತ್ತಿರಬೇಕಲ್ಲ.

ಎರಡನೆಯ ದಿನ ಭದ್ರಾವತಿ

ನನ್ನ ಪಟ್ಟಿಯಲ್ಲಿ ಭದ್ರಾವತಿ ಇರಲೇ ಇಲ್ಲ. ಅದು ನನ್ನ ತವರು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ನಾವು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಬೆಳೆದೆವು. ಅಪ್ಪ ಹೋದ ಮೇಲೆ ಆ ಬೀದಿಗೆ ನಾನು ಕಾಲಿಟ್ಟಿರಲಿಲ್ಲ. ನೋಡಲು ಏನಿದೆ ಅಲ್ಲಿ, ಎಂದುಕೊಂಡಿದ್ದೆ. ಸೊಸೆಯೇ ಕೇಳಿದಳು: “ಅತ್ತೆ, ಅಜ್ಜ ಕೆಲಸ ಮಾಡಿದ ಊರು ಎಷ್ಟು ದೂರ?” ಇಪ್ಪತ್ತು ಕಿಲೋಮೀಟರೂ ಇಲ್ಲ.

ಬಸ್ಸುಗಳು ಸಾಲಾಗಿ ಹೋಗುತ್ತಲೇ ಇರುತ್ತವೆ, ಖಾಸಗಿಯವೇ ಹೆಚ್ಚು. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ನಮಗೆ ಹೆಂಗಸರಿಗೆ ಟಿಕೆಟ್ಟಿಲ್ಲ, ಸರಿ. ಆದರೆ ಅದು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ. ಹೊರದೇಶದವಳು ದುಡ್ಡು ಕೊಟ್ಟು ಟಿಕೆಟ್ ಪಡೆಯಲೇಬೇಕು, ಸುಮ್ಮನೆ ಕೂತರೆ ದಂಡ. ಬೋರ್ಡು ಓದಲು ಬಾರದವರು ಏನು ಮಾಡಬೇಕು? ಕಂಡಕ್ಟರನ ಕೂಗು ಕೇಳಬೇಕು. “ಭದ್ರಾವತಿ, ಭದ್ರಾವತಿ” ಎಂಬುದನ್ನು ಅವಳಿಗೆ ನಾಲ್ಕು ಸಲ ಹೇಳಿಸಿದೆ.

ಹಳೆಯ ಊರಿನಲ್ಲಿ ಲಕ್ಷ್ಮೀನರಸಿಂಹ ದೇವಸ್ಥಾನ. ಹೊಯ್ಸಳರ ಕಾಲದ್ದು, ಹದಿಮೂರನೆಯ ಶತಮಾನ, ಮೂರು ಗರ್ಭಗುಡಿ. ಬೇಲೂರಿನ ಜನಜಂಗುಳಿ ಇಲ್ಲಿಲ್ಲ, ಕೆತ್ತನೆಯನ್ನು ಸಾವಧಾನವಾಗಿ ನೋಡಬಹುದು. ಚಪ್ಪಲಿ ಬಿಡುವ ಜಾಗ, ಭುಜ ಮುಚ್ಚುವ ಬಟ್ಟೆ ಇವೆರಡನ್ನು ಮುಂಚೆಯೇ ತಿಳಿಸಿದ್ದೆ. ಅಲ್ಲಿಂದ ಆಟೋದಲ್ಲಿ ನ್ಯೂಟೌನು.

ಸಂಜೆ ಆರಾಯಿತು, ಆರೂವರೆ ಆಯಿತು, ಸೊಸೆ ಇಲ್ಲ. ಫೋನು ಸ್ವಿಚ್ ಆಫ್. ನಮ್ಮವರು ಬಾಗಿಲಿಗೂ ಗೇಟಿಗೂ ತಿರುಗಾಡಿದರು. ನನಗೆ ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಏಳಕ್ಕೆ ಹತ್ತು ನಿಮಿಷವಿರುವಾಗ ಗೊತ್ತಿಲ್ಲದ ನಂಬರಿನಿಂದ ಫೋನು. “ಅಮ್ಮಾ, ನಾನು ಇಲ್ಲಿ ಭದ್ರಾವತಿ ಬಸ್ ಸ್ಟ್ಯಾಂಡಲ್ಲಿ ಹೂ ಮಾರೋಳು. ನಿಮ್ಮ ಸೊಸೆ ಫೋನು ಸತ್ತೋಗಿದೆಯಂತೆ, ಚೀಟಿ ತೋರ್ಸಿದ್ರು. ಬಸ್ ಹತ್ತಿಸ್ತಿದೀನಿ, ಗಾಬ್ರಿ ಆಗ್ಬೇಡಿ.” ಆ ತಾಯಿ ತಣ್ಣಗಿರಲಿ. ಅಂದಿನಿಂದ, ಚಾರ್ಜ್ ಮಾಡುವ ಸಣ್ಣ ಬ್ಯಾಟರಿಯೂ ನನ್ನ ಪಟ್ಟಿಗೆ ಸೇರಿತು.

ಬಂದವಳು ಕೈಕಾಲು ತೊಳೆದು, ಅಕ್ಕಿರೊಟ್ಟಿ ತಿನ್ನುತ್ತಾ ಫೋಟೋಗಳನ್ನು ತೋರಿಸಿದಳು. ಕಾರ್ಖಾನೆಯ ಗೇಟು. ಕ್ವಾರ್ಟರ್ಸಿನ ಸಾಲು. ಬೀಗ ಹಾಕಿದ ಒಂದು ಮನೆ, ಮುಂದೆ ಒಂದು ಮಾವಿನ ಮರ. “ಇದೇನಾ?” ಎಂದಳು. ಮರ ದೊಡ್ಡದಾಗಿತ್ತು, ಆದರೂ ಗುರುತು ಸಿಕ್ಕಿತು. ಅಮ್ಮ ನೆಟ್ಟದ್ದು.

ಆ ರಾತ್ರಿ ಅವಳಿಗೆ ಹೇಳಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯತೊಡಗಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ನಮ್ಮ ಕಾಡಿನ ಮರದ ಇದ್ದಿಲು. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಇನ್ನೊಂದು, ಅದು ಕೆಲವು ವರ್ಷಗಳ ಹಿಂದೆಯೇ ನಿಂತಿತು. ಕಬ್ಬಿಣದ್ದನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ. ಕಾರ್ಮಿಕರು ಧರಣಿ ಕೂತರು, ಆಗಸ್ಟಿನಲ್ಲಿ ಸ್ವಲ್ಪ ಕೆಲಸ ಮತ್ತೆ ನಡೆಯಿತು. ಸೈರನ್ ಕೂಗಿದರೆ ಅಮ್ಮ ಅನ್ನಕ್ಕಿಡುತ್ತಿದ್ದ ಮನೆ ಅದು. “ಇಷ್ಟೆಲ್ಲ ಇರುವ ಊರನ್ನು ಪಟ್ಟಿಯಲ್ಲಿ ಯಾಕೆ ಬರೆಯಲಿಲ್ಲ ಅತ್ತೆ?” ಎಂದಳು. ಏನು ಹೇಳಲಿ?

ಆ ಭಾನುವಾರ ನಾನೂ ಅವಳೂ ಸರ್ಕಾರಿ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ನನಗೆ ಸೊನ್ನೆ ಟಿಕೆಟ್ಟು, ಅವಳಿಗೆ ದುಡ್ಡಿನ ಟಿಕೆಟ್ಟು. ಹೂವಿನಾಕೆಗೆ ಒಂದು ಡಬ್ಬಿ ಕೊಬ್ಬರಿಮಿಠಾಯಿ ಕೊಟ್ಟೆವು. ಮಾವಿನ ಮರದ ಕೆಳಗೆ ಹತ್ತು ನಿಮಿಷ ನಿಂತೆ. ದಾರಿ ತೋರಿಸಿದವಳು ಅವಳು.

ಗೆಳತಿಯರೇ, ಒಬ್ಬರೇ ಬರುವ ಅತಿಥಿಗೆ ನೋಡುವ ಜಾಗಗಳ ದೊಡ್ಡ ಪಟ್ಟಿ ಬೇಡ. ಇಳಿಯುವ ಸ್ಟೇಷನ್ನು, ಚಿಲ್ಲರೆ, ಕುಡಿಯುವ ನೀರು, ಕೂರುವ ಜಾಗ, ಕತ್ತಲಾಗುವ ಹೊತ್ತು, ಕನ್ನಡದ ಚೀಟಿ, ಇಷ್ಟು ಕೊಡಿ. ಆಮೇಲೆ ಅವರನ್ನು ಅವರ ಪಾಡಿಗೆ ಬಿಡಿ. ಬರೆದು ಕಳಿಸುವ ಮುಂಚೆ ಒಂದು ದಿನ ಆ ದಾರಿಯಲ್ಲಿ ನೀವೇ ಒಬ್ಬರೇ ನಡೆದು ನೋಡಿ. ಅವರಿಗಿಂತ ಹೆಚ್ಚಾಗಿ ನಿಮಗೇ ಅದರಿಂದ ಉಪಕಾರವಾದೀತು.