ಬೆರಳು ಸಿಕ್ಕಿಸಿಕೊಂಡಳು

ಎರಡು ವರ್ಷದ ಹಿಂದೆ ಪುಣೆಯ ಒಂದು ಮಾಲ್‌ನ ಒಳಗಿರುವ ಮಕ್ಕಳ ಆಟದ ಜಾಗದಲ್ಲಿ ನನ್ನ ಮಗಳ ಬೆರಳು ಜಾರುಬಂಡಿಯ ಮೇಲ್ತುದಿಯಲ್ಲಿ ಸಿಕ್ಕಿತು. ಪಕ್ಕದ ಹಲಗೆಗೂ ಕಂಬಕ್ಕೂ ನಡುವೆ ಸಣ್ಣ ಸಂದು. ಮೈ ಕೆಳಗೆ ಜಾರಿತು, ಬೆರಳು ಮೇಲೆಯೇ ಉಳಿಯಿತು. ಉಗುರು ಹೋಯಿತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಓಡಿಬಂದ ಮ್ಯಾನೇಜರ್ ಮೊದಲು ಹೇಳಿದ್ದು, ‘ತಿನೇ ಬೋಟ್ ಅಡಕವೂನ್ ಘೇತಲಂ.’ ಬೆರಳು ಸಿಕ್ಕಿಸಿಕೊಂಡಳು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ನಾನೂ ಕನ್ನಡದಲ್ಲಿ ಅದನ್ನೇ ಹೇಳಿದೆ.

ಆ ‘ಕೊಳ್ಳು’ ನನ್ನನ್ನು ಕಾಡತೊಡಗಿದ್ದು ಕಳೆದ ಮಳೆಗಾಲದಲ್ಲಿ, ಒಂದು ಅನುವಾದದ ಕೆಲಸ ಬಂದಾಗ. ಬ್ರಿಟನ್ನಿನಿಂದ ತರಿಸಿದ ಆಟದ ಸಾಧನ, ಹುಬ್ಬಳ್ಳಿಯ ಸಿಬ್ಬಂದಿ. ದಿನದಿನದ ತಪಾಸಣೆಯ ಕೈಪಿಡಿ ಕನ್ನಡದಲ್ಲಿ ಬೇಕು. ವಿಷಯ ತಿಳಿಯಲೆಂದು ಅಲ್ಲಿನ ಇನ್ಸ್‌ಪೆಕ್ಟರುಗಳ ಬಗ್ಗೆ ಓದಲು ಕೂತೆ.

ಬ್ರಿಟನ್ನಿನಲ್ಲಿ ರಿಜಿಸ್ಟರ್ ಆಫ್ ಪ್ಲೇ ಇನ್ಸ್‌ಪೆಕ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ತಪಾಸಣೆ ಮಾಡುವವರಲ್ಲಿ ಒಳಾಂಗಣದವರದೇ ಬೇರೆ ವರ್ಗ. ಅವರು ಅರೆದು ಕುಡಿದಿರಬೇಕಾದದ್ದು ಇಎನ್ 1176 ಎಂಬ ಯುರೋಪಿನ ಮಾನದಂಡ. ಅದರ 10ನೆಯ ಭಾಗ ಸುತ್ತ ಮುಚ್ಚಿದ ಆಟದ ಸಾಧನಗಳಿಗೇ ಮೀಸಲು.

ಅವರ ಚೀಲದಲ್ಲಿರುವ ಸಾಮಾನು ನೋಡಿದರೆ ಮಗುವನ್ನೇ ಬಿಡಿಬಿಡಿಯಾಗಿ ಹೊತ್ತು ತಂದಂತಿರುತ್ತದೆ. ಬೆರಳಿಗೆ ಸಣ್ಣದೊಂದು, 25 ಮಿಲಿಮೀಟರ್‌ನ ದಪ್ಪದೊಂದು, ಹೀಗೆ ಎರಡು ಕಡ್ಡಿ. ಸಣ್ಣ ಕಡ್ಡಿ ತೂರದ ಸಂದು ಸರಿ. ತೂರಿದರೆ ದಪ್ಪ ಕಡ್ಡಿಯೂ ತೂರಬೇಕು, ನಡುವಿನದೇ ಅಪಾಯ. ಮುಂಡಕ್ಕೆ 89 ಗುಣಿಸು 157ರ ಒಂದು ತುಂಡು, ತಲೆಗೆ 230 ಮಿಲಿಮೀಟರ್ ವ್ಯಾಸದ್ದು. ಮುಂಡ ಹೋದಲ್ಲಿ ತಲೆಯೂ ಹೋಗಬೇಕು. ಯಾಕೆಂದರೆ ಮಕ್ಕಳು ಕಾಲು ಮೊದಲು ತೂರಿಸುತ್ತಾರೆ, ಮೈ ಇಳಿಯುತ್ತದೆ, ತಲೆ ನಿಲ್ಲುತ್ತದೆ. (ಇದನ್ನು ಓದಿದ ದಿನ ಮನೆಯ ಬಾಲ್ಕನಿ ಸರಳುಗಳನ್ನು ಸ್ಕೇಲಿನಿಂದ ಅಳೆದೆ. ನೀವೂ ಅಳೆಯುತ್ತೀರಿ.) ಇನ್ನೊಂದು ಸರಪಳಿ ಕಟ್ಟಿದ ಗುಂಡಿ, ಅಂಗಿಯ ಲಾಡಿಯ ಬದಲಿಗೆ. ಜಾರುಬಂಡಿಯ ಮೇಲ್ತುದಿಯಲ್ಲಿ ಅದನ್ನು ಇಳಿಬಿಟ್ಟು ಎಲ್ಲಿ ಸಿಕ್ಕುತ್ತದೆಂದು ನೋಡುತ್ತಾರೆ.

ಈ ಕಡ್ಡಿಗಳಿಗೆ ತುಂಟತನವಿಲ್ಲ. ಕಡ್ಡಿ ಸಿಕ್ಕಿದರೆ ‘ಕಡ್ಡಿ ಸಿಕ್ಕಿಸಿಕೊಂಡಿತು’ ಎಂದು ಯಾವ ಇನ್ಸ್‌ಪೆಕ್ಟರೂ ಬರೆಯಲಾರ. ಸಂದು ಎಲ್ಲಿದೆ, ಎಷ್ಟಿದೆ ಎಂದು ಬರೆಯುತ್ತಾನೆ.

ನಮ್ಮಲ್ಲಿ ಹಾಗಲ್ಲ. ಕಾಲು ಮುರಿದುಕೊಂಡ, ಕೈ ಸುಟ್ಟುಕೊಂಡಳು, ಬೆರಳು ಸಿಕ್ಕಿಸಿಕೊಂಡಳು. ಅಡುಗೆ ಮಾಡಿಕೊಂಡೆ ಎನ್ನುವಾಗ ಲಾಭ ತನಗೆಂದು ತಿಳಿಸುವ ಅದೇ ‘ಕೊಳ್ಳು’ ಇಲ್ಲಿ ನೋವನ್ನೂ ಮಾಡಿದ ಕೆಲಸವನ್ನೂ ಒಬ್ಬರ ತಲೆಗೇ ಕಟ್ಟುತ್ತದೆ. ಎಂಎಯಲ್ಲಿ ಇದರ ಮೇಲೆ ಸೆಮಿನಾರ್ ಪೇಪರ್ ಬರೆದಿದ್ದೆ, ಮರಾಠಿಯ ‘ಘೇಣೆ’ಯನ್ನೂ ಹಿಂದಿಯ ‘ಲೇನಾ’ವನ್ನೂ ಪಕ್ಕದಲ್ಲಿಟ್ಟು. ಒಳ್ಳೆಯ ಅಂಕವೂ ಬಂದಿತ್ತು. ಮ್ಯಾನೇಜರನ ಎದುರು ನಿಂತಾಗ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಮಗಳು ರಾತ್ರಿ ‘ಸಾರಿ ಅಮ್ಮ’ ಎಂದಾಗ ತಲೆ ಸವರಿ ಸುಮ್ಮನಾದೆ.

ಕೈಪಿಡಿಯಲ್ಲಿ ನಾನು ಬರೆದದ್ದು: ‘ಈ ಸಂದು ಬೆರಳನ್ನು ಹಿಡಿಯುತ್ತದೆ.’ ಪರಿಶೀಲಿಸಿದವರು ‘ಮಗು ಬೆರಳು ಸಿಕ್ಕಿಸಿಕೊಳ್ಳಬಹುದು’ ಎಂದು ತಿದ್ದಿ ಕಳಿಸಿದರು. ನನ್ನದು ಕನ್ನಡದಂತೆ ಕೇಳುವುದಿಲ್ಲವಂತೆ. ಅವರು ಹೇಳಿದ್ದು ತಪ್ಪೇನಲ್ಲ. ಆದರೂ ಹನ್ನೊಂದು ಕಡೆಯೂ ಮತ್ತೆ ನನ್ನದನ್ನೇ ಹಾಕಿ, ಯಾಕೆಂದು ನಾಲ್ಕು ಸಾಲು ಬರೆದು ಕಳಿಸಿದೆ. ಏಳು ಕಡೆ ಉಳಿಸಿದ್ದಾರೆ.

ಮಗಳಿಗೀಗ ಆರು ವರ್ಷ. ಉಗುರು ಸ್ವಲ್ಪ ಸೊಟ್ಟಗೆ ಬೆಳೆದಿದೆ. ಮೊನ್ನೆ ಅದನ್ನು ಕತ್ತರಿಸುತ್ತ ಅವಳಿಗೆ ಹೇಳಿದೆ, ಅವತ್ತು ನೀನೇನೂ ಮಾಡಿಕೊಳ್ಳಲಿಲ್ಲ, ಅಲ್ಲೊಂದು ಸಂದಿತ್ತು ಎಂದು. ‘ಗೊತ್ತು, ನಾನೇ ನೋಡಿದ್ದೆನಲ್ಲ’ ಎಂದಳು.